ತುಕ್ಕಿನ ಅಂಗೈ

ಗೋಣಿ ಬಿಚ್ಚುತ್ತಿದ್ದ ಗೊಣಗಣ್ಣ ಅರ್ಧಕ್ಕೇ ಕೈ ನಿಲ್ಲಿಸಿದ. ಯಾವ ಕೆಲಸ ಹಿಡಿದರೂ ತುಟಿಯೊಳಗೇ ಏನಾದರೊಂದು ಗೊಣಗಿಕೊಳ್ಳದೆ ಇರಲಾರದ ಮನುಷ್ಯ ಅವನು. ಆ ಹೆಸರು ಬಿದ್ದದ್ದೇ ಅದಕ್ಕೆ. ಆ ಗೊಣಗಾಟ ಥಟ್ಟನೆ ನಿಂತದ್ದು ಕೇಳಿಯೇ, ಶೆಡ್ಡಿನ ಇನ್ನೊಂದು ಮೂಲೆಯಲ್ಲಿ ಸ್ಟೀಲಿನ ಪುಡಿ ಜರಡಿ ಹಿಡಿಯುತ್ತಿದ್ದ ಲೇಸರಕ್ಕ ತಲೆಯೆತ್ತಿ ನೋಡಿದಳು.

"ಏನಣ್ಣ?"

"ಏನಿಲ್ಲ. ನೀನು ಈ ಕಡೆ ಬರಬೇಡ."

ಬರಬೇಡ ಎಂದರೆ ಯಾರು ತಾನೇ ಸುಮ್ಮನಿರುತ್ತಾರೆ! ಅವಳು ಜರಡಿ ಕೆಳಗಿಟ್ಟು, ಮೂಗಿನ ಮೇಲಿನ ಬಟ್ಟೆ ಕತ್ತಿಗಿಳಿಸಿಕೊಂಡು ಬಂದಳು.

ಗೋಣಿ ಸುತ್ತಿದ್ದ ಶಾಫ್ಟು, ಪಂಪಿನೊಳಗೆ ತಿರುಗುವ ಕಬ್ಬಿಣದ ದಂಡ, ಮರದ ದಿಮ್ಮಿಗಳ ಮೇಲೆ ಮಲಗಿತ್ತು. ತೊಡೆಯಷ್ಟು ದಪ್ಪ, ಆಳಿಗಿಂತ ಉದ್ದ. ಅದರ ಎರಡೂ ತುದಿಗೆ ಸ್ಟೇನ್‌ಲೆಸ್ ಸ್ಟೀಲಿನ ಹೊದಿಕೆ. ಈ ತುದಿಯ ಒದ್ದೆ ಗೋಣಿ ಅರ್ಧ ಜಾರಿ ನೆಲಕ್ಕೆ ಬಿದ್ದಿತ್ತು. ಫಳಫಳ ಹೊಳೆಯಬೇಕಾಗಿದ್ದ ಜಾಗದಲ್ಲಿ ಒಂದು ಕೈ ಇತ್ತು. ಕಂದು ತುಕ್ಕಿನಲ್ಲಿ ಮೂಡಿದ ನಾಲ್ಕು ಬೆರಳು, ಪಕ್ಕಕ್ಕೆ ಚಾಚಿದ ಹೆಬ್ಬೆರಳು, ಅಂಗೈಯ ಬುಡದ ದಪ್ಪ ಗುರುತು. ನಡುವಿನ ಗುಳಿ ಮಾತ್ರ ಬಿಳಿಯಾಗಿ ಉಳಿದಿತ್ತು. ಅಂಗೈ ಅಲ್ಲಿ ತಾಕುವುದಿಲ್ಲವಲ್ಲ.

"ಕಲ್ಲಣ್ಣಂದು," ಎಂದ ಯಾರೋ ಹಿಂದಿನಿಂದ.

ಯಾರೂ ಹೇಳಬೇಕಾಗಿರಲಿಲ್ಲ. ಆ ಕೈಯನ್ನು ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ಸಾಣೆಕಲ್ಲಿನ ಕೆಲಸದವನು ಎಂದು ಕಲ್ಲಣ್ಣ, ಲೇಸರ್ ಯಂತ್ರದ ಮುಂದೆ ಕೂರುವವಳು ಎಂದು ಲೇಸರಕ್ಕ. ಅಣ್ಣ ಅಕ್ಕ ಸೇರಿ ಸಂಸಾರ ಮಾಡುವುದನ್ನು ಇಲ್ಲಿ ಮಾತ್ರ ನೋಡಿದ್ದು ಎಂದು ಹುಡುಗರು ತಮಾಷೆ ಮಾಡುತ್ತಿದ್ದರು. ಈಗ ಆ ತಮಾಷೆ ಮಾಡುವವರಿಲ್ಲ. ಕಲ್ಲಣ್ಣ ಸತ್ತದ್ದು ಇದೇ ಶಾಫ್ಟಿನ ಕೆಲಸದಲ್ಲಿ. ಅವಳು ಮತ್ತೆ ಕೆಲಸಕ್ಕೆ ಬರತೊಡಗಿ ವಾರವೂ ಆಗಿರಲಿಲ್ಲ.

ಒಬ್ಬ ಮೊಬೈಲು ತೆಗೆದು ಫೋಟೊ ಹಿಡಿದ. ಹೊಳಪಿಗೆ ಅವನ ಮುಖವೇ ಅಗಲವಾಗಿ ಬಂತು, ಕೈ ಕಾಣಲಿಲ್ಲ. ಇನ್ನೊಂದು ತೆಗೆದ, ಅದರಲ್ಲೂ ಅವನದೇ ಮುಖ. ನಾಚಿಕೆಯಾಗಿ ಮೊಬೈಲು ಜೇಬಿಗೆ ಸೇರಿಸಿಕೊಂಡ.

ಆ ಕಾರ್ಖಾನೆಯಲ್ಲಿ ಸವೆದ ಶಾಫ್ಟುಗಳಿಗೆ ಹೊಸದಾಗಿ ಮೈ ತುಂಬಿಸುತ್ತಿದ್ದರು. ತಿರುಗುವ ಶಾಫ್ಟಿನ ಮೇಲೆ ಲೇಸರಿನ ಬೆಳಕು ಬೀಳುತ್ತದೆ, ಅದೇ ಬಿಂದುವಿಗೆ ಸ್ಟೀಲಿನ ಪುಡಿ ಉದುರುತ್ತದೆ, ಕರಗಿದ ಪುಡಿ ಎಳೆ ಎಳೆಯಾಗಿ ಶಾಫ್ಟಿಗೆ ಸುತ್ತಿಕೊಳ್ಳುತ್ತದೆ. ಎಲ್ಲ ಇರುವುದು ಕಾವಿನ ಹದದಲ್ಲಿ. ಕಡಿಮೆಯಾದರೆ ಹೊದಿಕೆ ಕಚ್ಚಿಕೊಳ್ಳುವುದಿಲ್ಲ. ಹೆಚ್ಚಾದರೆ ಪುಡಿಯ ಜೊತೆಗೆ ಶಾಫ್ಟಿನ ಹೊಟ್ಟೆಯ ಕಬ್ಬಿಣವೂ ಕರಗಿ ಮೇಲೆದ್ದು ಸ್ಟೀಲಿನಲ್ಲಿ ಬೆರೆತುಬಿಡುತ್ತದೆ. ಅಂಥ ಕಡೆ ಹೊದಿಕೆ ಗಡುಸಾಗಿ ಗಂಟು ಕಟ್ಟುತ್ತದೆ. ನೋಡಲು ಎಲ್ಲದರ ಹಾಗೇ ಹೊಳೆಯುತ್ತದೆ, ಆದರೆ ಉಪ್ಪುನೀರು ಸೋಕಿದರೆ ತುಕ್ಕು ಕಾರುತ್ತದೆ. ಈ ಶಾಫ್ಟೋ ಸಮುದ್ರದ ನೀರೆತ್ತುವ ಪಂಪಿನದು. ಇಂಥವನ್ನು ಕಳಿಸುವ ಮುಂಚೆ ಉಪ್ಪುನೀರಲ್ಲಿ ಅದ್ದಿದ ಗೋಣಿ ಸುತ್ತಿ, ಆಗಾಗ ನೀರು ಚಿಮುಕಿಸುತ್ತ ಕೆಲವು ದಿನ ಬಿಡುವುದು ಇಲ್ಲಿಯ ಪದ್ಧತಿ. ದೊಡ್ಡ ಕಾರ್ಖಾನೆಗಳಲ್ಲಿ ಇದಕ್ಕೆಂದೇ ಪೆಟ್ಟಿಗೆಗಳಿವೆಯಂತೆ, ಒಳಗೆ ಉಪ್ಪಿನ ಮಂಜು ಕವಿಯುತ್ತದಂತೆ. ಇಲ್ಲಿ ಗೋಣಿಯೇ ಗತಿ. ಗೋಣಿ ಯಾರ ಮುಖ ನೋಡಿಯೂ ಮಾತಾಡುವುದಿಲ್ಲ ಎನ್ನುತ್ತಿದ್ದರು ಯಜಮಾನರು.

ಕಲ್ಲಣ್ಣನಿಗೆ ಒಂದು ಚಾಳಿಯಿತ್ತು. ಸಾಣೆ ಹಿಡಿದು ಮುಗಿದ ಮೇಲೆ ಕೈಗವಸು ಕಳಚಿ, ಬರಿಗೈಯಲ್ಲಿ ಶಾಫ್ಟಿನ ಮೈಯನ್ನೊಮ್ಮೆ ತಟ್ಟುವುದು. ಸ್ನಾನ ಮಾಡಿಸಿದ ಮಗುವಿನ ಬೆನ್ನು ತಟ್ಟಿದ ಹಾಗೆ. "ಹೋಗಪ್ಪ, ಒಳ್ಳೆ ಕಡೆ ಸೇರ್ಕೋ," ಎನ್ನುತ್ತಿದ್ದ. ಕೈಯ ಬೆವರು, ಕೈಗಂಟಿದ ಕಬ್ಬಿಣದ ಧೂಳು ಸ್ಟೀಲಿಗೆ ತಾಗಬಾರದು ಎಂದು ಯಜಮಾನರು ಬೈದು ಸಾಕಾಗಿ, "ಬರಿಗೈಯಲ್ಲಿ ಮುಟ್ಟಬೇಡಿ" ಎಂದು ಒಂದು ಬೋರ್ಡು ಬರೆಸಿ ತೂಗುಹಾಕಿದರು. ಕಲ್ಲಣ್ಣ ಆ ಬೋರ್ಡನ್ನೂ ತಟ್ಟಿ, ಅಕ್ಷರ ಚೆನ್ನಾಗಿದೆ ಸಾರ್ ಎಂದಿದ್ದ.

ಆ ದಿನ ಬೆಳಿಗ್ಗೆ ಅವನು ಮೊದಲು ಕಬ್ಬಿಣದ ರೋಲರುಗಳಿಗೆ ಸಾಣೆ ಹಿಡಿದಿದ್ದ. ಮಧ್ಯಾಹ್ನ, ಲೇಸರಕ್ಕ ಹೊದಿಕೆ ಹಾಕಿ ಕಳಿಸಿದ ಈ ಶಾಫ್ಟಿನ ಒಂದು ತುದಿ ಮುಗಿಸಿ, ತಟ್ಟಿ, ತಿರುಗಿಸಿ ಕಟ್ಟಿಕೊಂಡ. ಹಳೆಯ ಕಲ್ಲು ಸವೆದಿತ್ತು ಎಂದು ಹೊಸ ಕಲ್ಲು ಕಟ್ಟಿಯಾಗಿತ್ತು, ಅದನ್ನು ಇನ್ನೊಂದು ತುದಿಗೆ ಹಚ್ಚಿದ್ದೇ ತಡ, ಕಲ್ಲು ಸಿಡಿಯಿತು. ಮುಚ್ಚಳದ ತಗಡನ್ನು ಹರಿದುಕೊಂಡು ಬಂದ ಚೂರು ಅವನ ಎದೆಗೆ ಬಡಿಯಿತು. ಆಸ್ಪತ್ರೆಯ ಬಾಗಿಲವರೆಗೂ ಉಸಿರಿತ್ತು ಎಂದು ಜೊತೆಗೆ ಹೋದವರು ಹೇಳಿದರು. ಜೊತೆಗೆ ಹೋದವರು ಯಾವಾಗಲೂ ಹಾಗೇ ಹೇಳುತ್ತಾರೆ.

ಹೊಸ ಕಲ್ಲು ಯಾಕೆ ಸಿಡಿಯಿತು ಎಂದು ಯಜಮಾನರು ಅಂದೇ ಕೇಳಿದ್ದರು. ಪಕ್ಕದಲ್ಲೇ ಇದ್ದವನು ಗೊಣಗಣ್ಣ. "ಕೋಟಿಂಗಲ್ಲಿ ಗಂಟಿತ್ತು ಅನ್ಸುತ್ತೆ ಸಾರ್. ಗಂಟಿಗೆ ಸಿಕ್ಕಿ ಸಿಡೀತು," ಎಂದಿದ್ದ. ಅಷ್ಟೇ ಅವನು ಹೇಳಿದ್ದು. ಆದರೆ ಆ ಒಂದು ಮಾತು ಶವದ ಹಿಂದೆಯೇ ಮನೆಗೂ ಬಂದಿತ್ತು. ಕೋಟಿಂಗ್ ಮಾಡಿದವರು ಯಾರು, ಅವನ ಹೆಂಡತಿಯೇ ಅಲ್ಲವಾ ಎಂದು ಜನ ಪಿಸುಗುಟ್ಟಿದ್ದು ಅವಳ ಕಿವಿಗೇ ಬಿದ್ದಿತ್ತು.

ಈಗ ಯಜಮಾನರು ಬಂದು ಕೈಯನ್ನು ನೋಡಿದರು. ಟೋಪಿ ತೆಗೆದರು. ಕಡೆಗೆ ಅವಳ ಕಡೆ ತಿರುಗದೆಯೇ, "ಇದನ್ನ ಹೀಗೇ ಕಳಿಸೋಕಾಗಲ್ಲ ಅಮ್ಮ," ಎಂದರು.

"ಗೊತ್ತು ಸಾರ್."

"ಅವನ ಕೈಗೆ ಕಬ್ಬಿಣದ ಧೂಳು ಅಂಟಿದ್ದು ಇಲ್ಲಿಗೆ ಹತ್ತಿ ತುಕ್ಕು ಹಿಡಿದಿದ್ರೆ ಆಸಿಡ್ ಹಚ್ಚಿದ್ರೆ ಹೋಗುತ್ತೆ, ಮತ್ತೆ ಬರಲ್ಲ. ಹಾಗಲ್ದೆ..." ಅವರು ತಡೆದರು.

"ಕೋಟಿಂಗಲ್ಲೇ ಕಬ್ಬಿಣ ಎದ್ದಿದ್ರೆ ಮತ್ತೆ ಬರುತ್ತೆ," ಎಂದು ಅವಳೇ ಮುಗಿಸಿದಳು. "ಆಸಿಡ್ ಹಚ್ಚಿ ಮತ್ತೆ ಗೋಣಿ ಸುತ್ತೋಣ ಸಾರ್. ನಾನೇ ಮಾಡ್ತೀನಿ."

ಇದೊಂದೇ ತುದಿ ಉಳಿದದ್ದು. ಕಲ್ಲು ಸಿಡಿದ ತುದಿ ಕಿತ್ತುಹೋಗಿತ್ತು. ಅವಳು ಮನೆಯಲ್ಲಿ ಕುಳಿತಿದ್ದ ದಿನಗಳಲ್ಲಿ ಅದನ್ನು ಪೂರ್ತಿ ಕೆರೆದು ತೆಗೆದು, ಇನ್ನೊಂದು ಪಾಳಿಯವನು ಹೊಸ ಹೊದಿಕೆ ಹಾಕಿದ್ದ, ಗೊಣಗಣ್ಣ ಸಾಣೆ ಹಿಡಿದಿದ್ದ. ಅವಳು ಒಂದೇ ಪಟ್ಟಿಗೆ ಕುಳಿತು, ಒಂದೇ ಕಾವಿನಲ್ಲಿ ಎರಡೂ ತುದಿಗೆ ಹಾಕಿದ ಹೊದಿಕೆಯಲ್ಲಿ ಈಗ ಈ ಲೋಕದಲ್ಲಿ ಇದ್ದದ್ದು ಆ ಕೈ ಮೂಡಿದ್ದ ತುದಿ ಮಾತ್ರ. ಅಲ್ಲಿ ಗಂಟಿಲ್ಲ ಎಂದರೆ ಕಿತ್ತುಹೋದ ತುದಿಯಲ್ಲೂ ಇರಲಿಲ್ಲ. ಅಲ್ಲಿ ಕಬ್ಬಿಣ ಎದ್ದಿದೆ ಎಂದರೆ ಅವನನ್ನು ಕೊಂದದ್ದು ಅವಳ ಕೆಲಸ.

ಅವಳ ಕೆಲಸ ಹಾಗಿರುವುದಿಲ್ಲ ಎಂದು ಎದೆ ತಟ್ಟಿ ಹೇಳಿಕೊಳ್ಳಬಹುದಿತ್ತು. ಬೇರೆ ಯಾವ ದಿನವಾದರೂ ಹೇಳಿಕೊಳ್ಳುತ್ತಿದ್ದಳು. ಆ ದಿನ ಮಾತ್ರ ಹೇಳಲು ಬರುವಂತಿರಲಿಲ್ಲ.

ಆ ದಿನ ಬೆಳಿಗ್ಗೆ ಮನೆಯಲ್ಲಿ ರಂಪವಾಗಿತ್ತು. ಕಲ್ಲಣ್ಣ ಹಿಂದಿನ ಸಂಜೆ ಯಾರೋ ಬೇಡವೆಂದು ಎಸೆಯಲಿದ್ದ ಕಬ್ಬಿಣದ ಬೀರುವನ್ನು ಗೆಳೆಯರ ಕೈಲಿ ಹೊರಿಸಿಕೊಂಡು ಬಂದು ಅಡುಗೆಮನೆಯಲ್ಲಿ ನಿಲ್ಲಿಸಿದ್ದ. ಅದಕ್ಕೆ ತಗುಲಿ ಅಡುಗೆಮನೆಯ ಬಾಗಿಲು ಅರ್ಧಕ್ಕಿಂತ ಹೆಚ್ಚು ತೆರೆಯುತ್ತಿರಲಿಲ್ಲ. ಒಂದು ಮಾತು ಕೇಳಿ ತರಬಾರದಿತ್ತಾ ಎಂದು ಶುರುವಾದದ್ದು ಮಾತಿಗೆ ಮಾತು ಬೆಳೆದು, ಮದುವೆಯಾದಾಗಿನಿಂದ ಕೇಳದೆ ಮಾಡಿದ್ದೆಲ್ಲ ಹೊರಗೆ ಬಂತು. ಅವಳ ಗಂಟಲು ಮೊದಲೇ ದೊಡ್ಡದು. ಪಕ್ಕದ ಮನೆಯವರು ಕಿಟಕಿಗೆ ಬಂದರು. ಮುಂದಿನ ವಾರಕ್ಕೆ ನೆನಪೂ ಉಳಿಯದಂಥ ಜಗಳ, ಆದರೆ ಮುಂದಿನ ವಾರವೇ ಬರಲಿಲ್ಲ. ಎಂಥ ಜಗಳವನ್ನೂ ಮಧ್ಯಾಹ್ನದೊಳಗೆ ನಗೆಗೆ ತಿರುಗಿಸಿಬಿಡುವುದು ಅವನ ಸ್ವಭಾವ. ಆ ದಿನ ದಾರಿಯುದ್ದಕ್ಕೂ ಅವನು ಮುಂದೆ ಮುಂದೆ ನಡೆದ, ಅವಳು ಹಿಂದೆ. ಬೆಳಿಗ್ಗೆಯೆಲ್ಲ ಅವಳು ಲೇಸರಿನ ಮುಂದೆ ಕುಳಿತು, ಕಪ್ಪು ಗಾಜಿನಾಚೆ ಉರಿಯುವ ಆ ಚುಕ್ಕಿಯನ್ನು ನೋಡುತ್ತ, ಅವನಿಗೆ ಇನ್ನೂ ಏನೇನು ಹೇಳಬೇಕಿತ್ತು ಎಂದು ಜೋಡಿಸಿಕೊಳ್ಳುತ್ತಿದ್ದಳು. ಚುಕ್ಕಿ ದೊಡ್ಡದಾಯಿತೋ, ಕಾವು ಏರಿತೋ, ಆ ಹೊತ್ತಿನ ಕೆಲಸ ಅವಳಿಗೆ ನೆನಪೇ ಇರಲಿಲ್ಲ. ಎಷ್ಟು ತಿಣುಕಿದರೂ ನೆನಪಿಗೆ ಬರುತ್ತಿದ್ದದ್ದು ಜಗಳವೇ.

ಆ ಸಂಜೆ ಅವಳು ಬಾಗಿಲಲ್ಲಿ ಚಪ್ಪಲಿ ಬಿಡುವುದರೊಳಗೆ ಸುದ್ದಿ ಮನೆ ಸೇರಿತ್ತು.

"ಅವನ ಕೈ ಮೂಡಿದೆಯಂತೆ," ಎಂದರು ಅತ್ತೆ. ಮಗ ಸತ್ತಂದಿನಿಂದ ಅವರು ಸೊಸೆಯ ಮುಖ ನೋಡಿ ಮಾತಾಡುತ್ತಿರಲಿಲ್ಲ. ಹೇಳುವುದನ್ನು ಗೋಡೆಗೆ ಹೇಳುವರು, ಕೇಳುವುದನ್ನು ಕಿಟಕಿಗೆ ಕೇಳುವರು. ಈಗಲೂ ಕಿಟಕಿಗೇ ಕೇಳಿದರು. "ಯಾವ ಕೈ?"

"ಬಲಗೈ."

"ಅಳಿಸ್ತಾರಂತೆ."

"ಅಳಿಸ್ಲೇಬೇಕು ಅತ್ತೆ."

"ಯಾರು ಅಳಿಸೋದು?"

"ನಾನೇ."

ಅತ್ತೆ ತಿರುಗಿ ನೋಡಿದರು. ಎಷ್ಟೋ ದಿನಗಳ ಮೇಲೆ ನೋಡಿದ ನೋಟ ಅದು, ಚೂರೂ ಮೆತ್ತಗಿರಲಿಲ್ಲ. "ನೀನೇ," ಎಂದರು. "ಅವತ್ತು ಆ ಬಿಸಿ ತಲೆ ಹೊತ್ಕೊಂಡು ಕೆಲಸಕ್ಕೆ ಹೋದೋಳೂ ನೀನೇ."

"ಅದನ್ನೇ ತಿಳ್ಕೋಬೇಕು ಅತ್ತೆ. ತುಕ್ಕು ಮೇಲಿಂದ ಬಂದಿದ್ರೆ ಅವರ ಕೈಯಿಂದ ಬಂದಿದ್ದು. ಒಳಗಿಂದ ಬಂದಿದ್ರೆ ನನ್ನಿಂದ."

"ತಿಳ್ಕೊಂಡು ಏನ್ ಮಾಡ್ತೀಯ?"

"ತಿಳ್ಕೊಳ್ದೆ ಏನ್ ಮಾಡ್ಲಿ ಹೇಳಿ?" ಅವಳ ದನಿ ಒಡೆಯಿತು. ಅದನ್ನು ಮುಚ್ಚಿಕೊಳ್ಳಲು ಅಡುಗೆಮನೆಗೆ ಹೋದಳು. ಬೀರು ಇನ್ನೂ ಅಲ್ಲೇ ಇತ್ತು. ಅಡ್ಡಡ್ಡಕ್ಕೆ ತಿರುಗಿ ಒಳಗೆ ನುಸುಳಿಕೊಳ್ಳುವುದು ಈಗ ಅಭ್ಯಾಸವಾಗಿತ್ತು. ಅದನ್ನು ತೆಗೆಸಲು ಇಬ್ಬರಿಗೂ ಮನಸ್ಸಿರಲಿಲ್ಲ.

ಹೊರಗಿನಿಂದ ಅತ್ತೆಯ ದನಿ ಬಂತು. "ನಾಳೆ ನಾನೂ ಬರ್ತೀನಿ. ನಾನು ನೋಡೋ ತನಕ ಮುಟ್ಟಬೇಡ."

ಮರುದಿನ ಅತ್ತೆ ಬಂದಾಗ ಯಂತ್ರಗಳನ್ನೆಲ್ಲ ನಿಲ್ಲಿಸಿದರು. ಯಾರೋ ಆಫೀಸಿನ ಕುರ್ಚಿ ತಂದು ಶಾಫ್ಟಿನ ಪಕ್ಕ ಹಾಕಿದರು. ಅತ್ತೆ ಕೂರಲಿಲ್ಲ. ಸೊಂಟ ಬಗ್ಗಿಸಿ, ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದರು. ಒಂದೊಂದೇ ಬೆರಳನ್ನು ನೋಡಿದರು. ಅಳುತ್ತಾರೆಂದು ಎಲ್ಲರೂ ಕಾದರು, ಅಳಲಿಲ್ಲ.

"ಒಂದ್ಸಲ ಮುಟ್ಟಲಾ?"

ಯಜಮಾನರು ಇಕ್ಕಟ್ಟಿಗೆ ಸಿಕ್ಕಿದರು. "ಅಮ್ಮ, ಬರಿಗೈ ತಾಗಿದ್ರೆ..."

"ಅವನು ಮುಟ್ಟಿದ್ದಕ್ಕೆ ಇಷ್ಟೆಲ್ಲ ಆಗಿದೆ. ನಾನು ಮುಟ್ಟಿದ್ರೆ ಇನ್ನೇನಾಗಬೇಕು?" ಎಂದರು ಅತ್ತೆ. ಆದರೂ ಗೊಣಗಣ್ಣ ತಲೆ ತಗ್ಗಿಸಿಕೊಂಡು ತಂದುಕೊಟ್ಟ ಬಿಳಿ ಕೈಗವಸನ್ನು ಹಾಕಿಕೊಂಡರು. ಅದು ಗಂಡಸರ ಅಳತೆಯದು, ಬೆರಳ ತುದಿಗಳು ಖಾಲಿಯಾಗಿ ಜೋತುಬಿದ್ದವು. ಆ ದೊಗಳೆ ಕೈಯನ್ನು ಮಗನ ಕೈಯ ಮೇಲಿಟ್ಟು ಸ್ವಲ್ಪ ಹೊತ್ತು ನಿಂತರು.

"ತಣ್ಣಗಿದೆ," ಎಂದರು. ಕೈ ತೆಗೆದರು. ಸೊಸೆಗೆ, "ಸರಿ, ನಿನ್ನ ಕೆಲಸ ನೀನು ಮಾಡು," ಎಂದು ಹೇಳಿ, ಯಾರ ಆಸರೆಯನ್ನೂ ಹಿಡಿಯದೆ ನಡೆದು ಗೇಟಿನಾಚೆ ಹೋದರು. ಕೈಗವಸನ್ನು ಹಾಕಿಕೊಂಡೇ ಹೋದರು, ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಲೇಸರಕ್ಕ ರಬ್ಬರಿನ ಕೈಗವಸು, ಕನ್ನಡಕ ಹಾಕಿಕೊಂಡು ಆಸಿಡ್ಡಿನ ಡಬ್ಬ ತೆರೆದಳು. ಗಂಜಿಯಂತೆ ಮಂದವಾದ ಲೇಪ, ಮೂಗಿಗೆ ಚುಚ್ಚುವ ವಾಸನೆ. ಬ್ರಷ್ಷಿನಲ್ಲಿ ಕಿರುಬೆರಳಿನಿಂದ ಶುರುಮಾಡಿದಳು. ಯಾಕೆ ಕಿರುಬೆರಳಿನಿಂದ ಎಂದರೆ ಅವಳಿಗೂ ಗೊತ್ತಿಲ್ಲ, ಎಲ್ಲಿಂದಲಾದರೂ ಶುರುಮಾಡಲೇಬೇಕಲ್ಲ. ಉಂಗುರದ ಬೆರಳು, ನಡುಬೆರಳು, ತೋರುಬೆರಳು. ಕಂದು ಬಣ್ಣ ಮೊದಲು ಹಳದಿಗೆ ತಿರುಗಿ ಆಮೇಲೆ ಇಲ್ಲವಾಗುತ್ತಿತ್ತು. ಕಷ್ಟಪಡಬೇಕಾದೀತು, ಉಜ್ಜಬೇಕಾದೀತು ಎಂದುಕೊಂಡಿದ್ದಳು. ಏನೂ ಇಲ್ಲ, ಅಷ್ಟು ಸಲೀಸಾಗಿ ಹೋಯಿತು. ಹೆಬ್ಬೆರಳೊಂದು ಉಳಿದಾಗ ಬ್ರಷ್ಷು ಎತ್ತಿ ಹಿಡಿದು ನಿಂತಳು. ಸುತ್ತ ಇದ್ದವರು ಬೇರೆ ಕಡೆ ನೋಡಿದರು. ಆಮೇಲೆ ಅದನ್ನೂ ಒರೆಸಿ, ಪೈಪು ಹಿಡಿದು ನೀರು ಬಿಟ್ಟಳು.

ಉಪ್ಪುನೀರನ್ನೂ ತಾನೇ ಕಲಸಿದಳು. ಹಾಕಬೇಕಾದ್ದಕ್ಕಿಂತ ಇನ್ನೊಂದು ಬೊಗಸೆ ಹೆಚ್ಚೇ ಹಾಕಿದಳು. ಮೋಸ ಆಗಬಾರದು, ಆಗುವುದಾದರೆ ತನ್ನ ಕಡೆಗೆ ಆಗಬಾರದು ಎಂದು.

ಆಮೇಲಿನದು ಕಾಯುವ ಕೆಲಸ. ಅವಳು ಬೇರೆ ಶಾಫ್ಟುಗಳಿಗೆ ಹೊದಿಕೆ ಹಾಕಿದಳು. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಚುಕ್ಕಿಯನ್ನು ನೋಡಿದಳು, ಹಾಗೆ ನೋಡಿದಷ್ಟೂ ಆ ದಿನ ನೋಡಿರಲಿಲ್ಲವೇನೋ ಎನಿಸಿತು. ಗೋಣಿಗೆ ನೀರು ಚಿಮುಕಿಸಲು ಹೋದಾಗಲೆಲ್ಲ, ಅದರ ಅಂಚು ಸ್ವಲ್ಪ ಎತ್ತಿ ನೋಡಿಬಿಡಲೇ ಎಂದು ಬೆರಳು ತುರಿಸುತ್ತಿತ್ತು, ನೋಡಲಿಲ್ಲ. ಒಂದು ಹುಚ್ಚು ಯೋಚನೆಯೂ ಬರುತ್ತಿತ್ತು: ತುಕ್ಕು ಮತ್ತೆ ಬಂದರೆ ಆ ಕೈಯೂ ಮತ್ತೆ ಬರಬಹುದು. ಗೋಣಿ ಬಿಚ್ಚಿದಾಗ ಬೆರಳುಗಳು ಅಲ್ಲೇ ಇರಬಹುದು. ತನ್ನ ತಪ್ಪೇ ಆಗಿಹೋಗಲಿ, ಇನ್ನೊಮ್ಮೆ ನೋಡಿದರೆ ಸಾಕು ಎಂದು ಒಂದು ಕ್ಷಣ ಅನಿಸಿ, ಅನಿಸಿದ್ದಕ್ಕೇ ಅವಳು ಗೋಣಿಯಿಂದ ದೂರ ಸರಿದುಬಿಡುತ್ತಿದ್ದಳು.

ಗೊಣಗಣ್ಣ ಸಾವಿನ ಮರುದಿನದಿಂದಲೂ ಕೆಲಸ ಬಿಟ್ಟ ಮೇಲೆ ಅವರ ಮನೆಗೆ ತರಕಾರಿ ತಂದುಕೊಡುತ್ತಿದ್ದ. ಹೊಸ್ತಿಲ ಹೊರಗೇ ಚೀಲವಿಟ್ಟು, ಅತ್ತೆಯನ್ನು ಕೂಗಿ ಹೇಳಿ ಹೊರಟುಬಿಡುತ್ತಿದ್ದ. ಮೊದಲು ಅವಳಿಗೆ ಅದು ಒಳ್ಳೆಯತನವಾಗಿ ಕಂಡಿತ್ತು. ಈ ದಿನಗಳಲ್ಲಿ ಆ ಚೀಲ ಕಂಡರೆ ಉರಿಯುತ್ತಿತ್ತು. ಗಂಟು ಎಂಬ ಮಾತು ಹುಟ್ಟಿದ್ದು ಇವನ ಬಾಯಲ್ಲಿ. ಹುಟ್ಟಿಸಿ, ಈಗ ಬದನೆಕಾಯಿ ತಂದುಕೊಡುತ್ತಾನೆ.

ಗೋಣಿ ಬಿಚ್ಚುವ ದಿನ ಯಜಮಾನರೇ ಬಂದು ನಿಂತರು. ಹಗ್ಗ ಬಿಚ್ಚಿದ್ದು ಅವಳೇ. ಒದ್ದೆ ಗೋಣಿ ಮೈಗೆ ಅಂಟಿಕೊಂಡಿತ್ತು, ಎಳೆದು ತೆಗೆಯಬೇಕಾಯಿತು. ಉಪ್ಪಿನ ಬಿಳಿ ಪುಡಿಯನ್ನು ನೀರು ಬಿಟ್ಟು ತೊಳೆದಳು. ಬಿಳಿ ಬಟ್ಟೆಯಿಂದ ಒತ್ತಿ ಒರೆಸಿದಳು. ಬಟ್ಟೆ ಬಿಳಿಯಾಗಿಯೇ ಇತ್ತು. ಸುತ್ತಲೂ ತಿರುಗಿಸಿ ನೋಡಿದರು, ಟಾರ್ಚು ಬಿಟ್ಟು ನೋಡಿದರು, ಯಜಮಾನರು ಭೂತಗನ್ನಡಿ ತರಿಸಿ ನೋಡಿದರು. ಸಾಸಿವೆಯಷ್ಟೂ ಕಲೆ ಇರಲಿಲ್ಲ.

"ಚಿನ್ನದಂಥ ಕೆಲಸ ಅಮ್ಮ," ಎಂದರು ಯಜಮಾನರು. "ನಿಮ್ಮದೇನೂ ತಪ್ಪಿಲ್ಲ. ಎಲ್ಲರೂ ಕೇಳಿಸ್ಕೊಳ್ಳಿ, ಕೋಟಿಂಗಲ್ಲಿ ಏನೂ ಇರಲಿಲ್ಲ. ಆ ಕಲ್ಲೇ ಸರಿ ಇರಲಿಲ್ಲ." ಹೇಳುತ್ತ ಗೊಣಗಣ್ಣನ ಕಡೆ ಒಂದು ಸಲ ನೋಡಿ, ಲಾರಿಗೆ ಫೋನು ಮಾಡಲು ಆಫೀಸಿಗೆ ಹೋದರು. ಉಳಿದವರು ಅವಳ ಹತ್ತಿರ ಬಂದು ಏನೇನೋ ಒಳ್ಳೆಯ ಮಾತು ಹೇಳಿ ತಮ್ಮ ತಮ್ಮ ಯಂತ್ರಗಳ ಕಡೆ ಚದುರಿದರು.

ಅವಳು ದಿಮ್ಮಿಯ ಮೇಲೆ ಕುಳಿತಳು. ಉಸಿರು ಹೊಟ್ಟೆಯವರೆಗೂ ಹೋಗಿ ಬಂತು, ಎಷ್ಟೋ ದಿನಗಳ ಮೇಲೆ. ನಾನಲ್ಲ, ನಾನಲ್ಲ ಎಂದು ಮನಸ್ಸು ಒಂದೇ ಸಮ ಹೇಳಿಕೊಳ್ಳುತ್ತಿತ್ತು. ಕೈ ಇದ್ದ ಜಾಗವನ್ನು ಕಣ್ಣು ಹುಡುಕಿತು. ಎಲ್ಲಿತ್ತು ಎಂದೂ ಗೊತ್ತಾಗದಂತೆ ಎಲ್ಲ ಕಡೆ ಒಂದೇ ಹೊಳಪು. ಅಳು ಬರಬೇಕಾಗಿದ್ದ ಕಡೆ ಸಿಟ್ಟು ಬಂತು. ಎದ್ದು ನೇರ ಗೊಣಗಣ್ಣನ ಮುಂದೆ ಹೋಗಿ ನಿಂತಳು. ಅವನು ಸಾಣೆಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದ, ಬಾಯಲ್ಲಿ ಗೊಣಗಾಟ ಇರಲಿಲ್ಲ.

"ಕಲ್ಲು ಕಟ್ಟೋದು ಯಾರ ಕೆಲಸ ಅಣ್ಣ?"

"ನಂದು."

"ಅವತ್ತು ಬಾರಿಸಿ ನೋಡಿದ್ರಾ?"

ಸಾಣೆಕಲ್ಲನ್ನು ಯಂತ್ರಕ್ಕೆ ಕಟ್ಟುವ ಮುಂಚೆ ಕೋಲಿಗೆ ತೂಗುಹಾಕಿ ಮರದ ಸುತ್ತಿಗೆಯಿಂದ ಮೆಲ್ಲಗೆ ಬಾರಿಸಬೇಕು. ಗಟ್ಟಿ ಕಲ್ಲು ಗಂಟೆಯಂತೆ ಠಣ್ ಎನ್ನುತ್ತದೆ. ಒಳಗೆ ಕಣ್ಣಿಗೆ ಕಾಣದ ಬಿರುಕಿದ್ದರೆ ಮಡಕೆಯಂತೆ ಡಬ್ ಎನ್ನುತ್ತದೆ. ಅಂಥದನ್ನು ಅಲ್ಲೇ ಒಡೆದು ಬಿಸಾಡುತ್ತಾರೆ. ಅರೆಗಳಿಗೆಯ ಕೆಲಸ, ಆದರೆ ಬಾರಿಸದೆ ಕಟ್ಟುವವರಿಲ್ಲ.

"ಬಿಡು ಅಕ್ಕ," ಎಂದ ಗೊಣಗಣ್ಣ. "ನಿಂದೇನೂ ಇಲ್ಲ ಅಂತ ಆಯ್ತಲ್ಲ, ಬಿಡು."

"ಬಿಡಲ್ಲ." ಅವಳ ದೊಡ್ಡ ಗಂಟಲು ಎಷ್ಟೋ ದಿನದಿಂದ ಮುಚ್ಚಿದ್ದು ತೆರೆದುಕೊಂಡಿತು. "ಗಂಟು ಗಂಟು ಅಂತ ಊರೆಲ್ಲ ಹಬ್ಬಿಸಿದ್ರಿ. ನಮ್ಮತ್ತೆ ನನ್ನ ಮುಖ ನೋಡ್ತಿಲ್ಲ. ನಾನೇ ಕೊಂದೆ ಅಂದ್ಕೊಂಡು ನಾನು ಬದುಕಿದ್ದು ಹೆಂಗೆ ಅಂತ ನಿಮಗೇನು ಗೊತ್ತು? ಬಾರಿಸ್ದೆ ಕಲ್ಲು ಕಟ್ಟಿ ನನ್ನ ಗಂಡನ್ನ ನುಂಗಿ, ತಪ್ಪು ನನ್ನ ತಲೆಗೆ ಕಟ್ಟಿ, ಮನೆಗೆ ತರಕಾರಿ ತಂದುಕೊಡ್ತೀರಾ?"

ಗೊಣಗಣ್ಣ ಎಣ್ಣೆಯ ಡಬ್ಬಿ ಕೆಳಗಿಟ್ಟ. ಕೈ ಪ್ಯಾಂಟಿಗೆ ಒರೆಸಿಕೊಂಡ.

"ಅವತ್ತು ನಾನು ಕಟ್ಟಲಿಲ್ಲ. ಟೀ ಕುಡಿಯೋಕೆ ಹೋಗಿದ್ದೆ. ಬರೋದ್ರೊಳಗೆ ಅವನೇ ಎತ್ಕೊಂಡು ಬಂದು ಕಟ್ಕೊಳ್ತಿದ್ದ."

"ಅವರು ಬಾರಿಸ್ದೆ ಕಟ್ಟೋರಲ್ಲ."

"ಅಲ್ಲ. ಅದಕ್ಕೇ ನಾನು ಕೇಳ್ದೆ." ಅವನು ಅವಳನ್ನು ನೋಡಲಿಲ್ಲ, ಯಂತ್ರವನ್ನು ನೋಡುತ್ತ ಹೇಳಿದ. "ಸತ್ತವನ ಮೇಲೆ ಹಾಕೋಕೆ ಮನಸ್ಸು ಬರಲಿಲ್ಲ ಅಕ್ಕ. ಅವನದೇ ಅಜಾಗರೂಕತೆ ಅಂದುಬಿಡೋರು ಎಲ್ಲ. ಗಂಟು ಅಂದ್ರೆ ಪುಡಿ ಸರಿಯಾಗಿ ಉದುರಿಲ್ಲ, ಮೆಷಿನ್ ತಪ್ಪು ಅಂದ್ಕೋತಾರೆ, ಯಾರ ಮೇಲೂ ಬರಲ್ಲ ಅಂದ್ಕೊಂಡೆ. ನಿನ್ನ ತಲೆಗೆ ಸುತ್ಕೊಳ್ಳುತ್ತೆ ಅಂತ ಆ ಹೊತ್ತಲ್ಲಿ ಹೊಳೀಲಿಲ್ಲ. ಹೊಳೆದ ಮೇಲೆ ಹೇಳೋಕೆ ಬಾಯಿ ಬರಲಿಲ್ಲ."

"ಕೇಳ್ದೆ ಅಂದ್ರಲ್ಲ. ಏನು ಕೇಳಿದ್ರಿ?"

"ಬಾರಿಸಲ್ವೇನೋ ಅಂತ."

"ಅವರೇನಂದ್ರು?"

ಹೇಳಬಾರದಿತ್ತು ಎಂದು ಗೊಣಗಣ್ಣನಿಗೆ ಆಗ ಗೊತ್ತಾಯಿತು, ಆದರೆ ಅರ್ಧ ಹೇಳಿಯಾಗಿತ್ತು.

"ಹೇಳಿ ಅಣ್ಣ."

"'ಬೆಳಿಗ್ಗೆ ಮನೇಲಿ ಕೇಳಿದ್ದೇ ಇನ್ನೂ ಕಿವೀಲಿ ಗುಂಯ್ ಅಂತಿದೆ ಕಣಯ್ಯ, ಇನ್ನೊಂದು ಸದ್ದು ಬೇಡ,' ಅಂದ."

ಅವಳು ಕೈಯಲ್ಲಿದ್ದ ಬಿಳಿ ಬಟ್ಟೆಯನ್ನು ಎರಡಾಗಿ ಮಡಿಸಿದಳು, ನಾಲ್ಕಾಗಿ ಮಡಿಸಿದಳು. ಪಕ್ಕದ ಯಂತ್ರದವನು ಸ್ವಿಚ್ಚು ಹಾಕಿದ, ಅದು ನರಳುತ್ತ ವೇಗ ಹಿಡಿಯಿತು. ಆ ಸದ್ದಿನಲ್ಲಿ ಅವಳು ಕೇಳಿದ್ದು ಗೊಣಗಣ್ಣನಿಗೆ ಮೊದಲ ಸಲ ಕೇಳಿಸಲಿಲ್ಲ. ಅವಳು ಹತ್ತಿರ ಬಂದು ಮತ್ತೆ ಕೇಳಿದಳು.

"ನಗ್ತಾ ಅಂದ್ರಾ?"

ಹೌದು ಎಂದುಬಿಡಬಹುದಿತ್ತು. ಆದರೆ ಒಂದು ಸುಳ್ಳು ಹೇಳಿ ಇಷ್ಟಾಗಿತ್ತು, ಇನ್ನೊಂದಕ್ಕೆ ಅವನಲ್ಲಿ ತ್ರಾಣವಿರಲಿಲ್ಲ.

"ಮಾಸ್ಕ್ ಹಾಕ್ಕೊಂಡಿದ್ದ ಅಕ್ಕ. ಮುಖ ಕಾಣಲಿಲ್ಲ."

"ದನೀಲಿ ಗೊತ್ತಾಗ್ಲಿಲ್ವಾ?"

"ಪಕ್ಕದ ಲೇತ್ ಮೆಷಿನ್ ಓಡ್ತಿತ್ತು," ಎಂದ ಗೊಣಗಣ್ಣ.

ಗೇಟಿನ ಹತ್ತಿರ ಲಾರಿ ಹಿಂದಕ್ಕೆ ಬರುತ್ತಿತ್ತು. ಯಜಮಾನರು ಆಫೀಸಿನ ಬಾಗಿಲಿಂದ, ಶಾಫ್ಟು ಆಯ್ತಾ ಎಂದು ಕೂಗಿದರು. ಅವಳು ಕೈಗವಸು ಹಾಕಿಕೊಂಡು, ಎಣ್ಣೆ ಬಟ್ಟೆ ತೆಗೆದುಕೊಂಡು ಶಾಫ್ಟಿನ ಹತ್ತಿರ ಹೋದಳು. ಹೊಳೆಯುವ ಮೈಗೆ ತೆಳ್ಳಗೆ ಎಣ್ಣೆ ಸವರತೊಡಗಿದಳು. ಸವರಿದ ಕಡೆಗೇ ಮತ್ತೆ ಸವರಿದಳು, ಮತ್ತೆ ಸವರಿದಳು. ಗೊಣಗಣ್ಣ ಸುತ್ತುವ ಕಾಗದವನ್ನು ಎರಡೂ ಕೈಯಲ್ಲಿ ಬಿಡಿಸಿ ಹಿಡಿದು, ಅವಳು ಸಾಕು ಎನ್ನಲಿ ಎಂದು ಕಾಯುತ್ತ ನಿಂತ.